ಆಕಾಶದಲ್ಲಿದ್ದ ಪಿಸ್ತೂಲು – ಕಂತು ೯: ಚುಕ್ಕೆಯಿಲ್ಲದ ನಂಬರು

"ಆ ಕಾಗದ ಆಚೆ ಇಡು," ಎಂದ ಅಣ್ಣ. "ಊಟದ ಹೊತ್ತು. ಮೊದಲು ಎರಡು ತುತ್ತು ತಿಂತೀನಿ."

ತಿನ್ನಲಿಲ್ಲ. ಡಬ್ಬಿಯ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರುಗಳ ಹಿಂದಿನ ಸಿಬ್ಬಂದಿ ಕೋಣೆ ಅದು. ಗೋಡೆಯ ಆಚೆ ಬದಿಯಲ್ಲಿ ಸೂಟ್‌ಕೇಸುಗಳನ್ನು ಒಯ್ಯುವ ಬೆಲ್ಟು. ಅದು ತಿರುಗಿದಾಗಲೆಲ್ಲ ಮೇಜು ಸಣ್ಣಗೆ ಅದುರುತ್ತಿತ್ತು, ಮೇಜಿನ ಮೇಲಿನ ಚಮಚ ಟಿಣಿಟಿಣಿ ಎನ್ನುತ್ತಿತ್ತು. ನನಗೆ ಆ ಚಮಚವನ್ನು ಎತ್ತಿ ಬಿಸಾಡಬೇಕೆನಿಸಿತು. ಬೆಳಗಿನಿಂದ ಎರಡು ನಿಮಿಷ ಒಂದು ಕಡೆ ಕೂತವಳಲ್ಲ ನಾನು.

ಗಡಿಯಾರದಲ್ಲಿ ಒಂದು ಮುಕ್ಕಾಲು. ನಾಲ್ಕಕ್ಕೆ ಸ್ಕ್ರೂ ತಾತನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ. ಅಷ್ಟರೊಳಗೆ ನನ್ನ ಅಣ್ಣ ಬಾಯಿ ಬಿಡದಿದ್ದರೆ, ಎಪ್ಪತ್ತೊಂದು ವರ್ಷದ ಆ ಮುದುಕ ಕೊಲೆಗಾರನಾಗಿ ಜೈಲಿಗೆ ಹೋಗುತ್ತಾನೆ.

ಕತೆ ಇಷ್ಟೇ. ಹೋದ ಗುರುವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ತನ್ನ ಕುರ್ಚಿಯಲ್ಲೇ ಗುಂಡೇಟಿಗೆ ಸತ್ತ. ಗುಂಡು ಹೊರಟದ್ದು ಕ್ಲಬ್ಬಿನ ಚಾಂಪಿಯನ್ನನ ಪಿಸ್ತೂಲಿನಿಂದ ಎನ್ನುತ್ತದೆ ಪ್ರಯೋಗಾಲಯ. ಆ ಹೊತ್ತಿಗೆ ಆ ಪಿಸ್ತೂಲು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ವಿಮಾನದ ಹೊಟ್ಟೆಯೊಳಗೆ, ಮೋಡಗಳ ಮೇಲಿತ್ತು ಎನ್ನುತ್ತದೆ ಅಣ್ಣ ಸಹಿ ಹಾಕಿದ ಕಾಗದ. ಚಾಂಪಿಯನ್ ಅದೇ ವಿಮಾನದಲ್ಲಿ ಹದಿನಾಲ್ಕನೇ ಸಾಲಿನ ಕಿಟಕಿ ಪಕ್ಕ ಕೂತಿದ್ದ, ಬೇರೆ ಊರಿನ ಪಂದ್ಯಕ್ಕೆ ಹೊರಟವನು.

ಸೋಮವಾರ ಕ್ಲಬ್ಬಿನವರೆಲ್ಲ ತಮ್ಮ ತಮ್ಮ ಆಯುಧ ತಂದೊಪ್ಪಿಸಬೇಕೆಂದಾಗ ಸಾಲಿನಲ್ಲಿ ಮೊದಲು ನಿಂತವನೂ ಅವನೇ. "ಬೇಕಾದ ಪರೀಕ್ಷೆ ಮಾಡ್ಕೊಳ್ಳಿ ಮೇಡಂ, ನನ್ನದು ಆಕಾಶದಲ್ಲಿತ್ತು," ಎಂದು ನಕ್ಕಿದ್ದ.

ಈ ಒಗಟಿಗೆ ನಮ್ಮ ಠಾಣೆಯ ಸಾಹೇಬರು ಉತ್ತರ ಹುಡುಕಿಬಿಟ್ಟರು. ಗುಂಡಿನ ಮೇಲೆ ಗೀರು ಮೂಡುವುದು ಪಿಸ್ತೂಲಿನ ನಳಿಕೆಯಿಂದ. ಕ್ಲಬ್ಬಿನ ಆಯುಧಗಳನ್ನು ರಿಪೇರಿ ಮಾಡುವವನು ಸ್ಕ್ರೂ ತಾತ. ಅವನೇ ನಳಿಕೆ ಬಿಚ್ಚಿಟ್ಟುಕೊಂಡು, ಬೇರೆಯದನ್ನು ತೊಡಿಸಿ ಕಳಿಸಿ, ಕೊಂದು, ಆಮೇಲೆ ಹಳೆಯದನ್ನು ಜೋಡಿಸಿದ. ಯಾಕೆ ಕೊಂದ? ಕಾರ್ಯದರ್ಶಿ ಅವನನ್ನು ಕೆಲಸದಿಂದ ತೆಗೆಯುತ್ತೇನೆ ಎಂದಿದ್ದನಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಠಾಣೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಲ್ಲರೂ ತಲೆಯಾಡಿಸಿದರು.

ಬೆಳಿಗ್ಗೆ ಲಾಕಪ್ಪಿನಲ್ಲಿ ತಾತನಿಗೆ ನೀರು ಕೊಟ್ಟೆ. ಲೋಟ ಹಿಡಿದ ಕೈ ನಡುಗಿ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು.

"ಅವ್ವಾ, ಈ ಕೈಯಲ್ಲಿ ಹತ್ತು ಹೆಜ್ಜೆ ದೂರದ ಮನುಷ್ಯನಿಗೆ ಗುರಿ ಇಡೋಕಾಗುತ್ತಾ?" ಎಂದ. "ನಿಮ್ಮ ಸಾಹೇಬರಿಗೆ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು."

ಆಮೇಲೆ ಅವನೇ ಒಂದು ಮಾತು ಹೇಳಿದ. ಗುರಿಕಾರರೆಲ್ಲ ಮನೆಯಲ್ಲಿ ಗೋಡೆಗೆ ಗುರಿ ಹಿಡಿದು ಕೈ ಪಳಗಿಸಲು ಒಂದು ಕುರುಡು ಪಿಸ್ತೂಲು ಇಟ್ಟುಕೊಂಡಿರುತ್ತಾರೆ. ನೋಡಲು ಥೇಟ್ ಅಸಲಿ, ಗುಂಡು ಮಾತ್ರ ಹಾರುವುದಿಲ್ಲ. ಚಾಂಪಿಯನ್ನನದನ್ನು ತಾತನೇ ಮಾಡಿಕೊಟ್ಟಿದ್ದ. ಒಳಗಿನ ಉಕ್ಕಿನ ಭಾಗ ತೆಗೆದಿದ್ದರಿಂದ ಅಸಲಿಗಿಂತ ನಾನೂರು ಗ್ರಾಂ ಹಗುರ.

ಆ ನಾನೂರು ಗ್ರಾಂ ಹಿಡಿದುಕೊಂಡೇ ನಾನು ಇಲ್ಲಿಗೆ ಓಡಿ ಬಂದದ್ದು, ಯಾರಿಗೂ ಹೇಳದೆ. ತನಿಖೆಯಲ್ಲಿ ನಾನಿದ್ದರೂ ಅಣ್ಣನ ಹೇಳಿಕೆಯನ್ನು ಸಾಹೇಬರೇ ಖುದ್ದಾಗಿ ಬರೆಸಿಕೊಂಡಿದ್ದರು. "ನಿಮ್ಮ ಸ್ವಂತ ಅಣ್ಣ ಅಲ್ವಾ ಮೇಡಂ, ನೀವು ಕೂತರೆ ನಾಳೆ ವಕೀಲರು ಅದನ್ನೇ ಎತ್ತಿ ಆಡ್ತಾರೆ," ಎಂದಿದ್ದರು. ನ್ಯಾಯವಾದ ಮಾತು. ನಾನು ದೂರವೇ ಉಳಿದಿದ್ದೆ.

"ಅಣ್ಣ, ಚಾಂಪಿಯನ್ ಇಲ್ಲಿವರೆಗೆ ಎಷ್ಟು ಸಲ ಪಿಸ್ತೂಲು ತಗೊಂಡು ಹೋಗಿದ್ದಾನೆ?"

"ನಿನ್ನ ಕೈಲೇ ಇದೆಯಲ್ಲ ಲೆಕ್ಕ."

ಇತ್ತು. ಪಿಸ್ತೂಲು ಒಯ್ಯುವ ಪ್ರಯಾಣಿಕ ಅದನ್ನು ಮುಚ್ಚಿಡುವಂತಿಲ್ಲ, ಕೌಂಟರಿನಲ್ಲಿ ತಾನಾಗಿ ಹೇಳಬೇಕು. ಗುಂಡು ತೆಗೆದಿರಬೇಕು, ಪೆಟ್ಟಿಗೆ ಗಟ್ಟಿಯಾಗಿರಬೇಕು, ಬೀಗದ ಕೈ ಅವನ ಹತ್ತಿರವೇ ಇರಬೇಕು. ಅಣ್ಣ ಪೆಟ್ಟಿಗೆ ತೆರೆಸಿ, ಪಿಸ್ತೂಲಿನ ಮೇಲೆ ಕೊರೆದ ನಂಬರನ್ನು ಕಣ್ಣಾರೆ ನೋಡಿ, ಗುಲಾಬಿ ಬಣ್ಣದ ಘೋಷಣೆ ಪತ್ರದಲ್ಲಿ ಬರೆದು, ಪೆಟ್ಟಿಗೆ ತೂಗಿ, ಸಹಿ ಹಾಕುತ್ತಾನೆ. ಪತ್ರದ ಒಂದು ಪ್ರತಿ ಕಚೇರಿಯ ಫೈಲಿನಲ್ಲಿ ಉಳಿಯುತ್ತದೆ. ಆ ಫೈಲಿನಿಂದ ಹತ್ತು ಗುಲಾಬಿ ಹಾಳೆಗಳನ್ನು ತೆಗೆಸಿ ತಂದು ಅವನ ಮುಂದೆ ಹರಡಿದ್ದೆ.

"ಮೊದಲ ಒಂಬತ್ತು ಸಲ ಪೆಟ್ಟಿಗೆ ತೂಕ ನಾಲ್ಕು ಕೇಜಿ ಮುನ್ನೂರು," ಎಂದೆ. "ಒಂದು ಸಲಾನೂ ಹೆಚ್ಚುಕಮ್ಮಿ ಇಲ್ಲ. ಹೋದ ಗುರುವಾರ ಮೂರು ಒಂಬೈನೂರು. ನೀನೇ ಬರೆದಿದ್ದೀಯ."

"ಒಳಗಿನ ಸ್ಪಂಜು ಬದಲಾಯಿಸಿರಬೇಕು."

"ಸ್ಪಂಜು ನಾನೂರು ಗ್ರಾಂ ತೂಗುತ್ತಾ?"

"ನಾನು ಕೌಂಟರಿನವನು ಪುಟ್ಟಿ. ಸ್ಪಂಜಿನ ವ್ಯಾಪಾರಿ ಅಲ್ಲ."

ಈ ತಮಾಷೆಯನ್ನು ಅವನು ಗೋಡೆಗೆ ಹೇಳಿದ. ಸುಳ್ಳು ಹೇಳುವಾಗ ಅಣ್ಣ ಎಂದೂ ಎದುರಿನವರ ಮುಖ ನೋಡಿದವನಲ್ಲ. ನಮ್ಮಪ್ಪ ಸತ್ತ ವರ್ಷ, ಶಾಲೆಯ ಫೀಸು ಕಟ್ಟಿದ್ದೇನೆ ಎಂದು ನನಗೆ ಹೇಳಿದಾಗಲೂ ಹೀಗೇ ಗೋಡೆ ನೋಡಿದ್ದ. ಆಮೇಲೆ ಇದೇ ನಿಲ್ದಾಣದಲ್ಲಿ ಸಾಮಾನು ಹೊರಲು ಸೇರಿ, ಮೂರು ತಿಂಗಳಲ್ಲಿ ಕಟ್ಟಿದ. ಹೊರುವ ಕೆಲಸದಿಂದ ತೂಗುವ ಕೆಲಸಕ್ಕೆ, ತೂಗುವ ಕೆಲಸದಿಂದ ಕೌಂಟರಿಗೆ ಬರಲು ಅವನಿಗೆ ಹದಿನೈದು ವರ್ಷ ಹಿಡಿಯಿತು. ಇಲ್ಲಿ ಎಲ್ಲರೂ ಅವನನ್ನು ತೂಕದ ಮೇಷ್ಟ್ರು ಎನ್ನುತ್ತಾರೆ. ಅವನ ನಿವೃತ್ತಿಗೆ ಇನ್ನು ಇಪ್ಪತ್ತಾರು ದಿನ.

"ಚಾಂಪಿಯನ್ ಅಲ್ಲಿ ಪಂದ್ಯ ಆಡಲೇ ಇಲ್ಲ ಗೊತ್ತಾ?" ಎಂದೆ. "ಮಣಿಕಟ್ಟು ಉಳುಕಿದೆ ಅಂತ ಹೆಸರು ವಾಪಸ್ ತಗೊಂಡ. ಪೆಟ್ಟಿಗೆ ಬೀಗಾನೂ ತೆಗೀಲಿಲ್ಲ. ವಾಪಸ್ ಬಂದ ಮರುದಿನ ಕ್ಲಬ್ಬಲ್ಲಿ ನಲವತ್ತು ಗುಂಡು ಹಾರಿಸಿದ್ದಾನೆ."

"ಉಳುಕು ಒಂದೇ ದಿನಕ್ಕೆ ವಾಸಿ ಆಗಬಹುದು."

"ಸ್ಪಂಜಿಗೂ ಜವಾಬು ಇದೆ, ಉಳುಕಿಗೂ ಜವಾಬು ಇದೆ. ಅವನ ವಕೀಲ ಆಗ್ಬಿಡು ನೀನು."

ಅಣ್ಣ ನಗಲಿಲ್ಲ. ಡಬ್ಬಿಯನ್ನು ಮುಚ್ಚಿ ಪಕ್ಕಕ್ಕೆ ಸರಿಸಿದ.

ಗೋಡೆಯ ಆಚೆ ಭಾರವಾದದ್ದೇನೋ ಬೆಲ್ಟಿನ ಮೇಲೆ ಧಡಾರನೆ ಬಿತ್ತು. ನಾನು ಎದ್ದು ಬಾಗಿಲವರೆಗೆ ಹೋಗಿ ಬಂದೆ. ಬಾಗಿಲ ಗಾಜಿನಿಂದ ಕೌಂಟರುಗಳ ಬೆನ್ನು ಕಾಣುತ್ತಿತ್ತು. ಸಾಲಿನಲ್ಲಿ ನಿಂತವರು ಬ್ಯಾಗುಗಳನ್ನು ಕಾಲಿನಿಂದ ಮುಂದೆ ತಳ್ಳುತ್ತಿದ್ದರು. ಎಲ್ಲರಿಗೂ ಹೋಗಲು ಒಂದು ಜಾಗವಿತ್ತು. ನಾನು ವಾಪಸ್ ಬಂದು ಕೊನೆಯ ಮಾತನ್ನು ಹೊರಗೆ ತೆಗೆದೆ. ಅದನ್ನು ಹೇಳಬೇಕಾಗದಿರಲಿ ಎಂದು ಕಚೇರಿಯಿಂದ ಈ ಕೋಣೆಗೆ ಬರುವವರೆಗೂ ಬೇಡಿಕೊಂಡಿದ್ದೆ.

"ಅಣ್ಣ, ಈ ಒಂಬತ್ತು ಹಾಳೆ ನೋಡು. ನಂಬರಿನ ಪ್ರತಿ ಅಂಕಿ ಕೆಳಗೆ ಒಂದೊಂದು ಚುಕ್ಕೆ ಇದೆ. ಎಂಟು ಅಂಕಿ, ಎಂಟು ಚುಕ್ಕೆ."

ಅವನ ಕೈ ಮೇಜಿನ ಮೇಲೆ ನಿಂತುಬಿಟ್ಟಿತು.

ಆ ಚುಕ್ಕೆಗಳು ಯಾವ ನಿಯಮದಲ್ಲೂ ಇಲ್ಲ. ಅವು ಅಣ್ಣನವು. ಬರೆದದ್ದನ್ನು ಮತ್ತೆ ಮೂಲದ ಜೊತೆ ಹೋಲಿಸಿ, ಸರಿಯಿದ್ದ ಅಂಕಿಯ ಕೆಳಗೆ ಪೆನ್ನಿನ ಮೊನೆ ಊರುವುದು ಅವನ ಅಭ್ಯಾಸ. ನನಗೆ ಲೆಕ್ಕ ಕಲಿಸಿದ್ದೂ ಹಾಗೇ. "ಚುಕ್ಕೆ ಇಡದ ಅಂಕಿ ನಿನ್ನದಲ್ಲ" ಎನ್ನುತ್ತಿದ್ದ. ಬೇರೆ ಯಾರು ನೋಡಿದರೂ ಪೆನ್ನು ಸೋರಿದೆ ಎಂದುಕೊಂಡಾರು.

"ಗುರುವಾರದ ಹಾಳೆಯಲ್ಲಿ ನಂಬರ್ ಇದೆ," ಎಂದೆ. "ಸರಿಯಾದ ನಂಬರೇ. ಚುಕ್ಕೆ ಎಲ್ಲಿ?"

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಒರೆಸುತ್ತಲೇ ಇದ್ದ.

"ನೋಡದೇ ಇರೋದಕ್ಕೆ ಚುಕ್ಕೆ ಹೇಗೆ ಇಡ್ಲಿ?" ಎಂದ ಕೊನೆಗೆ, ಬಹಳ ಸಣ್ಣ ದನಿಯಲ್ಲಿ.

ಗೆದ್ದೆ ಎನಿಸಬೇಕಿತ್ತು. ಎನಿಸಲಿಲ್ಲ.

"ಪೆಟ್ಟಿಗೆ ತೆರೆಸಲೇ ಇಲ್ವಾ?"

"ಇಲ್ಲ."

"ಒಂಬತ್ತು ಸಲ ಬರೆದು ಬರೆದು ನಂಬರ್ ಬಾಯಿಪಾಠ ಆಗಿತ್ತು. ಅದನ್ನೇ ಬರೆದುಬಿಟ್ಟೆ ಅಲ್ವಾ ನೀನು?"

"ಹೂಂ."

"ಎಕ್ಸ್‌ರೇಯವರು?"

"ಎಕ್ಸ್‌ರೇಯಲ್ಲಿ ಪಿಸ್ತೂಲಿನ ಆಕಾರ ಕಾಣುತ್ತೆ. ನಂಬರ್ ಕಾಣಲ್ಲ. ನಾನು ನೋಡಿದ್ದೀನಿ ಅಂತ ಅವರು ನಂಬ್ತಾರೆ."

ಅಲ್ಲಿಗೆ ಒಗಟು ಒಡೆಯಿತು. ವಿಮಾನ ಹತ್ತಿದ್ದು ಕುರುಡು ಪಿಸ್ತೂಲು. ಅಸಲಿ ಇಲ್ಲೇ, ಈ ಊರಲ್ಲೇ, ಇನ್ನೊಬ್ಬರ ಕೈಯಲ್ಲಿ ಉಳಿದಿತ್ತು. ಚಾಂಪಿಯನ್ ವಾಪಸ್ ಬಂದು ಅದನ್ನು ತೆಗೆದುಕೊಂಡು, ನಗುನಗುತ್ತ ನಮ್ಮ ಮುಂದೆ ಇಟ್ಟ. ಯಾಕೆಂದರೆ ಅವನ ಬೆನ್ನಿಗೆ ಅಣ್ಣನ ಸಹಿ ಇತ್ತು. ಮೂವತ್ತು ವರ್ಷದಲ್ಲಿ ಒಂದು ಗ್ರಾಂ ತಪ್ಪದ ಮನುಷ್ಯನ ಸಹಿ. ಇದನ್ನು ಒಂದು ಹಾಳೆಯ ಮೇಲೆ ಅಣ್ಣ ಬರೆದುಕೊಟ್ಟರೆ ಸಂಜೆಗೆ ಸ್ಕ್ರೂ ತಾತ ಮನೆಯಲ್ಲಿರುತ್ತಾನೆ. ಬರೆದುಕೊಟ್ಟ ಮರುದಿನ ಅಣ್ಣ ಕೆಲಸದಲ್ಲಿರುವುದಿಲ್ಲ.

ನಾನು ಚೀಲದಿಂದ ಬಿಳಿ ಹಾಳೆ ತೆಗೆದು ಅವನ ಮುಂದಿಟ್ಟೆ. ಅವನು ಅದನ್ನು ಮುಟ್ಟಲಿಲ್ಲ.

"ಆಗಲ್ಲ ಪುಟ್ಟಿ."

"ಯಾಕೆ?"

"ಆಗಲ್ಲ ಅಂದ್ರೆ ಆಗಲ್ಲ. ನೋಡಿದೆ ಅಂತ ಸಾಹೇಬರಿಗೆ ಬರೆದುಕೊಟ್ಟಿದ್ದೀನಿ. ಕೋರ್ಟಲ್ಲೂ ಅದನ್ನೇ ಹೇಳ್ತೀನಿ."

ನನಗೆ ತಲೆ ಕೆಟ್ಟಿತು. ಅದು ಬೇಗ ಕೆಡುವಂಥದ್ದೇ, ಅಂದು ಬೆಳಗಿನಿಂದ ನೆಪ ಹುಡುಕುತ್ತಿದ್ದೆ.

"ಪೆನ್ಷನ್ ಹೋಗುತ್ತೆ ಅಂತ ತಾನೆ?" ಎಂದೆ. "ಇಪ್ಪತ್ತಾರು ದಿನಕ್ಕೋಸ್ಕರ ಒಬ್ಬ ಮುದುಕನ್ನ ಬಲಿ ಕೊಡ್ತೀಯಾ? ಅವನಿಗೆ ಲೋಟ ಹಿಡಿಯೋಕೂ ಕೈ ನಿಲ್ಲಲ್ಲ! ಊರಿಗೆಲ್ಲಾ ತೂಕ ಹೇಳೋ ಮೇಷ್ಟ್ರು ನೀನು, ನಿನ್ನ ತೂಕ ಇಷ್ಟೇನಾ? ನಿನ್ನ ತಂಗಿ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿದೆ ನನಗೆ."

ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ನನ್ನದಕ್ಕೆ ಹಲ್ಲೂ ಇವೆ. ಅಣ್ಣ ಒಂದೇ ಸಲ ಮುಖವೆತ್ತಿ ನನ್ನನ್ನು ನೋಡಿದ. ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ಅದರಲ್ಲಿ ಸಿಟ್ಟಿರಲಿಲ್ಲ. ನನ್ನ ಬಗ್ಗೆ ಮರುಕವಿತ್ತು.

ಅವನು ಎದ್ದು ತನ್ನ ಲಾಕರಿನಿಂದ ಫೋನು ತಂದ. ಗುಂಡಿ ಒತ್ತಿ, ಹುಡುಕಿ, ನನ್ನ ಮುಂದೆ ಇಟ್ಟ.

"ಇದನ್ನ ನೀನಾಗೇ ಹೇಳ್ತೀಯ ಅಂತ ಒಂದು ವಾರದಿಂದ ಕಾಯ್ತಿದ್ದೆ," ಎಂದ. "ನೀನು ಹೇಳಲಿಲ್ಲ. ಹೋಗಲಿ ಬಿಡು, ಹೆದರಿದ್ದಾಳೆ ಅಂದ್ಕೊಂಡೆ. ಇವತ್ತು ನೀನೇ ಬಂದು ನನ್ನೇ ಬೈತಿದ್ದೀಯ."

ಪರದೆಯ ಮೇಲೆ ಒಂದು ಮೆಸೇಜು. ಗುರುವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತೆರಡು.

'ಅಣ್ಣ, ಚಾಂಪಿಯನ್ ಸ್ವಲ್ಪ ಹೊತ್ತಲ್ಲಿ ಬರ್ತಾರೆ. ನನಗೆ ಬೇಕಾದವರು. ಜನರ ಮುಂದೆ ಪೆಟ್ಟಿಗೆ ತೆರೆಸಬೇಡ. ನಂಬರ್ ಹೇಗೂ ನಿನಗೆ ಗೊತ್ತಲ್ಲ. ಇದರ ಬಗ್ಗೆ ಆಮೇಲೆ ಏನೂ ಕೇಳಬೇಡ.'

ಕಳಿಸಿದವರ ಹೆಸರು: ಪುಟ್ಟಿ. ನನ್ನ ನಂಬರು.

ಎರಡು ಸಲ ಓದಿದೆ. ಮೂರನೇ ಸಲ ಅಕ್ಷರಗಳು ಕಾಣಲಿಲ್ಲ.

"ಮೂವತ್ತು ವರ್ಷದಲ್ಲಿ ನೀನು ನನ್ನ ಹತ್ರ ಒಂದು ಸಹಾಯ ಕೇಳಿದವಳಲ್ಲ," ಎಂದ ಅಣ್ಣ. "ಕೇಳಿದ್ದೇ ಒಂದು ಸಲ. ಇಲ್ಲ ಅನ್ನೋಕಾಗಲಿಲ್ಲ. ಸಾಯಂಕಾಲ ಕೊಲೆ ಸುದ್ದಿ ಬಂತು. ಆಗಿನಿಂದ ನಿದ್ದೆ ಮಾಡಿಲ್ಲ ನಾನು. ನಾನು ಬಾಯಿಬಿಟ್ರೆ ಹೋಗೋದು ನನ್ನ ಪೆನ್ಷನ್ ಅಲ್ಲ. ನೀನು."

"ಅಣ್ಣ, ಇದು ನಾನು ಕಳಿಸಿದ್ದಲ್ಲ."

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಗೋಡೆಯ ಕಡೆ ತಿರುಗುತ್ತೇನೋ ಎಂದು ಕಾಯುತ್ತಿದ್ದ ಹಾಗಿತ್ತು. ನಾನು ತಿರುಗಲಿಲ್ಲ.

"ನಿನ್ನಾಣೆ. ಕಳಿಸಿಲ್ಲ."

ನನ್ನ ಫೋನು ತೆಗೆದು ತೋರಿಸಿದೆ. ಅವನ ಹೆಸರಿನ ಕೆಳಗೆ ಬುಧವಾರದ ಒಂದು ಮೆಸೇಜು, ಆಮೇಲೆ ಶನಿವಾರದ್ದು. ನಡುವೆ ಏನೂ ಇಲ್ಲ. ಕಳಿಸಿ ಅಳಿಸಿದ್ದರು. ಗುರುವಾರ ಒಂಬತ್ತರಿಂದ ಹತ್ತರವರೆಗೆ ಠಾಣೆಯಲ್ಲಿ ವಾರದ ಸಭೆ. ಸಭೆಗೆ ಫೋನು ಒಯ್ಯುವಂತಿಲ್ಲ, ಹೊರಗಿನ ಕೋಣೆಯ ಟ್ರೇಯಲ್ಲಿ ಇಟ್ಟು ಹೋಗಬೇಕು. ಮಗಳು ಆಟ ಆಡುತ್ತಾಳೆ ಎಂದು ನನ್ನ ಫೋನಿಗೆ ನಾನು ಲಾಕ್ ಹಾಕಿಲ್ಲ. ಊರಿನ ಬೀಗಗಳನ್ನೆಲ್ಲ ಪರೀಕ್ಷಿಸುವ ಪತ್ತೇದಾರಿಣಿಯ ಕತೆ ಇದು, ನಗುವವರು ನಗಬಹುದು.

ಆ ಟ್ರೇಯ ಬಳಿ ಯಾರು ಬೇಕಾದರೂ ಹೋಗಬಹುದಿತ್ತು. ಕಾನ್‌ಸ್ಟೇಬಲ್ಲುಗಳು, ಕಸ ಗುಡಿಸುವವರು, ದೂರು ಕೊಡಲು ಬಂದವರು. ಒಬ್ಬೊಬ್ಬರನ್ನಾಗಿ ಹಿಡಿದು ಕೇಳುವಷ್ಟು ಹೊತ್ತು ನನ್ನಲ್ಲಿರಲಿಲ್ಲ. ಎರಡೂವರೆ ಆಗಿತ್ತು.

"ಬರಿ," ಎಂದೆ. "ಪೆಟ್ಟಿಗೆ ತೆರೆಸಲಿಲ್ಲ ಅಂತ ಬರಿ. ಯಾಕೆ ತೆರೆಸಲಿಲ್ಲ ಅಂತಾನೂ ಬರಿ."

"ನಿನ್ನ ಹೆಸರು ಬರೀಬೇಕಾಗುತ್ತೆ."

"ಬರಿ."

"ನೀನು ಕಳಿಸಿಲ್ಲ ಅಂತ ನಾನು ನಂಬ್ತೀನಿ ಪುಟ್ಟಿ. ಕೋರ್ಟು ನಂಬಬೇಕಲ್ಲ?"

"ನಂಬಲ್ಲ. ಇವತ್ತಂತೂ ನಂಬಲ್ಲ. ಆದ್ರೂ ತಾತ ಇವತ್ತು ಮನೆಗೆ ಹೋಗ್ತಾನೆ."

ಅಣ್ಣ ಪೆನ್ನು ತೆಗೆದ. ಅವನ ಅಕ್ಷರ ಎಂದಿನಂತೆ ದುಂಡಗೆ, ಸಾಲು ತಪ್ಪದೆ ಬಂತು. ನಾನು ಹೇಳಿದ ಮಾತುಗಳೆಲ್ಲ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದವು. ತಪ್ಪಾಯ್ತು ಎನ್ನಬೇಕಿತ್ತು. ಅವನ ಭುಜದ ಮೇಲೆ ಕೈ ಇಟ್ಟೆ, ಅಷ್ಟೇ ಆಯಿತು. ಅವನು ಬರೆಯುತ್ತಲೇ ಎಡಗೈಯಿಂದ ಆ ಕೈಯನ್ನು ಎರಡು ಸಲ ತಟ್ಟಿದ.

ಅರ್ಧ ಪುಟದ ಹೊತ್ತಿಗೆ ಪೆನ್ನು ನಿಂತಿತು.

"ಇನ್ನೊಂದು ಮಾತು ಸೇರಿಸ್ಲಾ? ಸಾಹೇಬರ ಬಗ್ಗೆ. ಒಳ್ಳೇ ಮನುಷ್ಯರು, ಅವರಿಗೆ ತೊಂದರೆ ಆಗಬಾರದು."

"ಏನು?"

"ಹೇಳಿಕೆ ಬರೆಸ್ಕೊಳ್ಳೋವಾಗ ನಾನು ಸ್ವಲ್ಪ ತಡವರಿಸಿದೆ. ಅವರು ಬಾಗಿಲು ಹಾಕಿ ಬಂದು ಹತ್ತಿರ ಕೂತ್ರು. 'ಮೇಷ್ಟ್ರೇ, ನಂಬರ್ ನೋಡಿದೆ ಅಂತ ಒಂದೇ ಸಾಲು ಬರೀರಿ, ಸಾಕು. ಜಾಸ್ತಿ ಬರೆದ್ರೆ ನಿಮ್ಮ ತಂಗಿಗೇ ಕಷ್ಟ' ಅಂದ್ರು. ನಿನ್ನ ಮೇಲೆ ಅಷ್ಟು ಕಾಳಜಿ ಇದೆಯಲ್ಲ ಅಂತ ಕೈ ಮುಗಿದೆ."

ನಾನು ಅವನ ಫೋನನ್ನು ಎತ್ತಿ ಹಿಡಿದೆ.

"ಅಣ್ಣ, ಈ ಮೆಸೇಜ್ ಅವರಿಗೆ ತೋರಿಸಿದ್ಯಾ?"

"ಇಲ್ಲ."

"ಬಾಯಲ್ಲಿ ಹೇಳಿದ್ಯಾ? ನನ್ನ ಹೆಸರು ಎತ್ತಿದ್ಯಾ?"

"ಹುಚ್ಚಾ ನಿಂಗೆ? ನಿಂಗೇ ಇವತ್ತು ತೋರಿಸ್ತಿರೋದು. ನಿಮ್ಮತ್ತಿಗೆಗೂ ಹೇಳಿಲ್ಲ."

ಹೇಳುತ್ತ ಹೇಳುತ್ತ ಅವನಿಗೂ ಅರ್ಥವಾಯಿತು: ಆ ಮೆಸೇಜಿನ ವಿಷಯ, ಕಳಿಸಿದವರನ್ನು ಬಿಟ್ಟರೆ, ಬೇರೆ ಯಾರಿಗೂ ಗೊತ್ತಿರುವಂತಿರಲಿಲ್ಲ. ಪೆನ್ನನ್ನು ನಿಧಾನವಾಗಿ ಕೆಳಗಿಟ್ಟ.

ಗುರುವಾರದ ಸಭೆಗೆ ಎಲ್ಲರೂ ಒಂಬತ್ತಕ್ಕೆ ಕೂತಿದ್ದೆವು. ಸಾಹೇಬರು ಬಂದದ್ದು ಒಂಬತ್ತೂವರೆಗೆ, ಹೊರಗಿನ ಕೋಣೆಯಿಂದ. ಸಭೆ ಮುಗಿದ ಕೂಡಲೇ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದು ಹೊರಟವರು ಮಧ್ಯಾಹ್ನದವರೆಗೆ ಕಾಣಲಿಲ್ಲ. ಕಾರ್ಯದರ್ಶಿ ಸತ್ತದ್ದು ಹನ್ನೊಂದು ಹತ್ತಕ್ಕೆ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಯಾರಿಗೆ? ನಾಲ್ಕು ಗಂಟೆಗೆ ಕೋರ್ಟಿನಲ್ಲಿ ಈ ಕಾಗದವನ್ನು ನಾನು ಒಪ್ಪಿಸಬೇಕಾದದ್ದೂ ಅವರ ಕೈಗೇ.

"ಸಹಿ ಹಾಕು," ಎಂದೆ. "ಬೇಗ."

ಅವನು ಸಹಿ ಹಾಕಿದ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಸಾಹೇಬರು' ಎಂದಿತ್ತು. ಅಣ್ಣ ಬೇಡವೆಂಬಂತೆ ತಲೆಯಾಡಿಸಿದ. ನಾನು ಎತ್ತಿದೆ.

"ಮೇಡಂ, ಕೋರ್ಟಿಗೆ ಬರೋ ತೊಂದರೆ ತಗೋಬೇಡಿ," ಎಂದರು ಸಾಹೇಬರು, ಎಂದಿನ ಮೆತ್ತನೆಯ ದನಿಯಲ್ಲಿ. "ಅಲ್ಲೇ ಕೂತಿರಿ. ಜೀಪು ಕೆಳಗೆ ಬಂದು ನಿಂತಿದೆ. ಮೇಷ್ಟ್ರನ್ನೂ ಜೊತೇಲಿ ಕರ್ಕೊಂಡು ಬನ್ನಿ. ಅವರ ಫೋನ್ ಮರೀಬೇಡಿ."